ಹದಿನಾಲ್ಕು ಒಂಟಿ ಚುಕ್ಕಿಗಳು

ಫೆಬ್ರವರಿ 6

ಅಣ್ಣಾ,

ಮೊದಲು ಸ್ಕೋರು, ಆಮೇಲೆ ಕ್ಷೇಮಸಮಾಚಾರ. ನಿನ್ನದು ನೂರ ಅರವತ್ತೆಂಟು. ನನ್ನದು ಇಪ್ಪತ್ತೊಂಬತ್ತು. ಇತರೆ ಮೂರು. ಒಟ್ಟು ಇನ್ನೂರು. ಗೆಲ್ಲುತ್ತಿರುವವನು ನೀನು, ಕುಣಿಯುತ್ತಿರುವವಳು ನಾನು!

ಇವಳಿಗೆ ತಲೆ ಕೆಟ್ಟಿದೆ ಎನ್ನಬೇಡ, ಬಿಡಿಸಿ ಹೇಳುತ್ತೇನೆ. ಫೋನಿನಲ್ಲೇ ಕಿರುಚೋಣ ಎನಿಸಿತ್ತು. ಆದರೆ ನಲವತ್ತು ವರ್ಷ ಲಿಫ್ಟಿನ ಮೋಟಾರಿನ ಪಕ್ಕ ನಿಂತ ನಿನ್ನ ಕಿವಿಗೆ ಫೋನಿನಲ್ಲಿ ಅರ್ಧ ಕೇಳಿಸುತ್ತದೆ, ಉಳಿದರ್ಧ ನೀನೇ ಕಟ್ಟಿಕೊಳ್ಳುತ್ತೀಯ. ಇದು ಹಾಗೆ ಅರ್ಧಂಬರ್ಧ ಕೇಳುವ ಸುದ್ದಿಯಲ್ಲ.

ನಿನ್ನ ಎರಡೂ ಕೈಗೆ ಸೂಜಿ ಚುಚ್ಚಿ, ನಾಲ್ಕು ಗಂಟೆ ಮಲಗಿಸಿ, ರಕ್ತದಿಂದ ಸೋಸಿ ತೆಗೆದರಲ್ಲ, ಆ ಒಂದು ಚೀಲ ಜೀವಕೋಶ ನನ್ನ ಮೈಗೆ ಇಳಿದು ಮೊನ್ನೆಗೆ ಮೂವತ್ತು ದಿನ ತುಂಬಿತು. ಅವು ನನ್ನ ಮೂಳೆಯೊಳಗೆ ಹೋಗಿ ಸಂಸಾರ ಹೂಡಿದವೋ ಇಲ್ಲವೋ ನೋಡಬೇಕಿತ್ತು. ಆಸ್ಪತ್ರೆಯ ಲ್ಯಾಬಿನಲ್ಲಿ ಒಬ್ಬಳಿದ್ದಾಳೆ, ದಪ್ಪ ಕನ್ನಡಕ, ಮಾತಾಡುವಾಗ ಪೆನ್ನಿನಿಂದ ತಲೆ ಕೆರೆದುಕೊಳ್ಳುವ ಅಭ್ಯಾಸ. ನಾನು ಅವಳಿಗೆ ಜೋಡಿ ಮೇಡಂ ಎಂದು ಹೆಸರಿಟ್ಟಿದ್ದೇನೆ. ಒಂದು ಜೀವಕೋಶದೊಳಗಿನ ನಲವತ್ತಾರು ಕ್ರೋಮೋಸೋಮುಗಳ ಚಿತ್ರ ತೆಗೆದು, ಒಗೆದ ಕಾಲುಚೀಲಗಳನ್ನು ಹೊಂದಿಸುವ ಹಾಗೆ ಇಪ್ಪತ್ತಮೂರು ಜೋಡಿ ಮಾಡಿಡುವುದೇ ಅವಳ ಕೆಲಸ. ನನ್ನ ರಕ್ತದ ಕ್ಯಾನ್ಸರಿನ ಗುಟ್ಟು ಹಿಡಿದವಳೂ ಅವಳೇ. ಎಂಟನೆಯದರ ತುದಿ ಮುರಿದು ಇಪ್ಪತ್ತೊಂದನೆಯದಕ್ಕೆ ಅಂಟಿದೆ, ಇಪ್ಪತ್ತೊಂದನೆಯದರ ತುದಿ ಎಂಟನೆಯದಕ್ಕೆ. ಅದು ಸಾಲದೆಂಬಂತೆ, ಹೆಂಗಸಿಗೆ ಇರಬೇಕಾದ ಎರಡು ಎಕ್ಸ್‌ಗಳಲ್ಲಿ ಒಂದು ನಾಪತ್ತೆ. "ನೋಡಿ, ಇದೇ ನಿಮ್ಮ ಕಾಯಿಲೆಯ ಮುಖ. ಎಲ್ಲಿ ಕಂಡ್ರೂ ಗುರುತು ಹಿಡೀತೀನಿ" ಎಂದು ಚಿತ್ರ ತೋರಿಸಿದಳು.

ಈಗ ಅವಳ ಕೆಲಸ ಇನ್ನೂ ಸುಲಭ, ಏಕೆಂದರೆ ನಾನು ಹೆಂಗಸು, ನೀನು ಗಂಡಸು. ಎಕ್ಸ್‌ಗೆ ಕೆಂಪು, ವೈಗೆ ಹಸಿರು ಬಣ್ಣ ಹತ್ತಿಸಿ, ಕತ್ತಲೆ ಕೋಣೆಯಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಇನ್ನೂರು ಜೀವಕೋಶ ಎಣಿಸುತ್ತಾಳೆ. ಎರಡು ಕೆಂಪು ಚುಕ್ಕಿ ಇದ್ದರೆ ಅದು ನನ್ನದು. ಒಂದು ಕೆಂಪು, ಒಂದು ಹಸಿರು ಇದ್ದರೆ ನಿನ್ನದು. ಕಾಯಿಲೆ ಹುಟ್ಟಿದ್ದು ನನ್ನವುಗಳಲ್ಲಿ, ಹಾಗಾಗಿ ನನ್ನವು ಒಂದೂ ಉಳಿಯಬಾರದು. ಒಮ್ಮೆ ಹೋಗಿ ಮರಳಿ ಬಂದ ಕಾಯಿಲೆ ಇದು. ಇನ್ನೊಮ್ಮೆ ಬಂದರೆ ಡಾಕ್ಟರ ಬತ್ತಳಿಕೆಯಲ್ಲಿ ಹೆಚ್ಚೇನೂ ಇಲ್ಲ. ಮೂವತ್ತು ವರ್ಷ ಪೀಟಿ ಟೀಚರಾಗಿ "ಗೆಲ್ಲಿ, ಗೆಲ್ಲಿ" ಎಂದು ಸೀಟಿ ಊದಿದವಳು ಈಗ ಸೊನ್ನೆಗೆ ಔಟಾಗಲಿ ಎಂದು ಕಾಯುತ್ತಿದ್ದೇನೆ. ಶಾಲೆಯ ಮ್ಯಾಚುಗಳ ನೀಲಿ ಸ್ಕೋರು ಪುಸ್ತಕದಲ್ಲಿ ಖಾಲಿ ಪುಟಗಳಿದ್ದವು, ಅದರಲ್ಲೇ ಬರೆದಿಟ್ಟಿದ್ದೇನೆ. ಇತರೆ ಮೂರು ಎಂದರೆ ಒಂಟಿ ಕೆಂಪು ಚುಕ್ಕಿಯವು. ಬಣ್ಣ ಸರಿಯಾಗಿ ಹತ್ತದಿದ್ದರೆ ಹಾಗೆ ಕಾಣುತ್ತದಂತೆ, ಲೆಕ್ಕಕ್ಕಿಲ್ಲ.

ಅಮ್ಮ ಹೋದ ದಿನ "ಇವತ್ತಿನಿಂದ ನಿಂಗೂ ನಂಗೂ ರಕ್ತಸಂಬಂಧ ಇಲ್ಲ" ಎಂದು ಕೂಗಿದವಳು ನಾನೇ. ಹನ್ನೊಂದು ವರ್ಷ ಆ ಮಾತಿಗೆ ಅಂಟಿಕೊಂಡು ಕೂತವಳೂ ನಾನೇ. ಈಗ ನನ್ನ ರಕ್ತದ ಗುಂಪೇ ಬದಲಾಗಿ ನಿನ್ನದಾಗುತ್ತದಂತೆ! ಆಡಿದ ಮಾತು ತಿರುಗಿ ಬಂದು ಹೀಗೆ ಕೆನ್ನೆಗೆ ಬಾರಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಿನ್ನ ದಾನಿ ಫಾರಂ ಕಣ್ಣಿಗೆ ಬಿತ್ತು. "ಸಿಗರೇಟು: ಹನ್ನೆರಡು ವರ್ಷದ ಹಿಂದೆ ಬಿಟ್ಟಿದ್ದಾರೆ" ಎಂದಿದೆ. ಹನ್ನೆರಡೇ? ಸರಿ, ಇರಲಿ.

ಜನವರಿಯಲ್ಲಿ ಬಂದಾಗ ಹೇಳದೆ ಕೇಳದೆ ನಮ್ಮ ಕಟ್ಟಡದ ಲಿಫ್ಟು ರಿಪೇರಿ ಮಾಡಿ ಹೋದೆಯಲ್ಲ, ಅಕ್ಕಪಕ್ಕದವರೆಲ್ಲ ನಿನ್ನನ್ನು ಹೊಗಳಿದ್ದೇ ಹೊಗಳಿದ್ದು. ನಮ್ಮ ಮೂರನೇ ಮಹಡಿಗೆ ಬಂದು ನಿಂತಾಗ "ಟಿಣ್" ಎನ್ನುತ್ತದೆ. ಮಲಗಿದಲ್ಲಿಗೇ ಕೇಳಿಸುತ್ತದೆ.

ಸೋಲಲು ಹೊರಟಿರುವ ನಿನ್ನ ತಂಗಿ,
ಪೀಪಿ

*

ಫೆಬ್ರವರಿ 15

ಪೀಪಿ,

ಕಾಗದ ಮೂರು ಸಲ ಓದಿದೆ. ಮೊದಲ ಸಲ ಏನೂ ತಿಳಿಯಲಿಲ್ಲ. ಎರಡನೇ ಸಲ ತಿಳಿಯಿತು. ಮೂರನೇ ಸಲ ನಿನ್ನ ಅತ್ತಿಗೆಗೆ ಓದಿ ಹೇಳಿದೆ. "ಪಾಪ, ಇನ್ಮೇಲೆ ಅವಳಿಗೂ ಕನ್ನಡಕ ಎಲ್ಲಿಟ್ಟೆ ಅನ್ನೋದು ಮರ್ತುಹೋಗುತ್ತೆ ಬಿಡಿ" ಎಂದಳು.

ಹುಟ್ಟಿದ ದಿನವೇ ಪೀಪಿ ಊದಿದ ಹಾಗೆ ಅತ್ತು ಇಡೀ ಬೀದಿಯನ್ನು ಎಬ್ಬಿಸಿದವಳು ನೀನು. ಎಂಟು ವರ್ಷದ ನಾನು ಆ ಹೆಸರಿಟ್ಟೆ. ಅಲ್ಲಿಂದ ಇಲ್ಲಿಯವರೆಗೆ ಯಾವ ಆಟದಲ್ಲೂ ನಿನ್ನ ಮೇಲೆ ನಾನು ಗೆದ್ದದ್ದಿಲ್ಲ. ಗೆದ್ದಾಗ ನೀನು ಒಪ್ಪಿದ್ದಿಲ್ಲ. ಈಗಲೂ ಇಪ್ಪತ್ತೊಂಬತ್ತು ಉಳಿಸಿಕೊಂಡು ಕೂತಿದ್ದೀಯ. ಹಟ ಬಿಡು. ಒಂದು ಸಲವಾದರೂ ಪೂರ್ತಿ ಸೋಲು.

ಲಿಫ್ಟಿನ ಗಂಟೆ ಹಳೆಯದು, ನನ್ನ ಟೂಲ್ ಬ್ಯಾಗಿನಲ್ಲಿ ಬಿದ್ದಿತ್ತು. ನೀನು ಒಬ್ಬಳೇ ಇರುವ ಮನೆ. ಯಾರಾದರೂ ಬಂದರೆ ಗೊತ್ತಾಗಲಿ ಎಂದು ಹಾಕಿದೆ.

ನಿವೃತ್ತಿಯಾದರೂ ಕಂಪನಿಯವರು ಬಿಡುತ್ತಿಲ್ಲ. ಹಳೆಯ ಲಿಫ್ಟುಗಳ ಸಿಡುಕು ಹೊಸ ಹುಡುಗರಿಗೆ ಅರ್ಥವಾಗುವುದಿಲ್ಲವಂತೆ. ಸಿಡುಕಿನ ಜೊತೆ ಹೇಗೆ ಬಾಳಬೇಕು ಎಂದು ನನಗೆ ಚಿಕ್ಕಂದಿನಲ್ಲೇ ತರಬೇತಿ ಆಗಿದೆಯಲ್ಲ.

ಅಣ್ಣ

*

ಏಪ್ರಿಲ್ 18

ಅಣ್ಣಾ ಅಣ್ಣಾ ಅಣ್ಣಾ,

ನೂರ ತೊಂಬತ್ತೈದು, ಸೊನ್ನೆ! ಇತರೆ ಐದು.

ನಾನು ಔಟ್! ಆಲ್ ಔಟ್! ನೂರನೇ ದಿನದ ಎಣಿಕೆ ಇದು, ದೊಡ್ಡ ಪರೀಕ್ಷೆಯಿದ್ದ ಹಾಗೆ. ಜೋಡಿ ಮೇಡಂ ಎಣಿಸುತ್ತಿದ್ದಾಗ ಕತ್ತಲೆ ಕೋಣೆಯ ಬಾಗಿಲಾಚೆ ಬೆಂಚಿನ ಮೇಲೆ ಕೂತಿದ್ದೆ. ಒಳಗಿನಿಂದ ಎಣಿಕೆಯ ಯಂತ್ರದ ಟಕ್, ಟಕ್ ಮಾತ್ರ ಕೇಳುತ್ತಿತ್ತು. ಯಾವ ಟಕ್ ನಿನ್ನದು, ಯಾವುದು ನನ್ನದು ಎಂದು ತಿಳಿಯದೆ ಬೆರಳು ಮಡಿಸಿ ನಾನೂ ಎಣಿಸಿದೆ. ಕೊನೆಗೆ ಬಾಗಿಲು ತೆರೆದವಳೇ, ವರದಿ ಡಾಕ್ಟರ ಕೈ ಸೇರುವ ಮೊದಲು ಬಾಯಿ ಬಿಡಬಾರದು ಎಂಬುದನ್ನು ಮರೆತು, ಎರಡು ಬೆರಳು ಸೇರಿಸಿ ಸೊನ್ನೆ ಮಾಡಿ ತೋರಿಸಿದಳು. ನಾನು ಕೊರಳಲ್ಲಿದ್ದ ಸೀಟಿ ತೆಗೆದು ಊದಿಯೇ ಬಿಟ್ಟೆ. ಆಸ್ಪತ್ರೆಯ ಕಾವಲಿನವನು ಓಡಿ ಬಂದ. "ಏನ್ ಮೇಡಂ, ಏನಾಯ್ತು?" ಅಂದ. "ಏನೂ ಇಲ್ಲಪ್ಪ, ಸೋತೆ" ಅಂದೆ. ಅವನು ಪಾಪ, ಸಮಾಧಾನ ಹೇಳಿ ಹೋದ.

ಮುಖ ತೊಳೆಯುವಾಗ ಕನ್ನಡಿ ನೋಡಿಕೊಂಡೆ. ಮೂಗು ಅಮ್ಮನದು, ಕೋಪ ಅಪ್ಪನದು, ರಕ್ತ ಪೂರ್ತಿ ಅಣ್ಣನದು. ಅಳು ಬಂತು, ಅತ್ತೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ನಿನ್ನ ಮನೆಗೆ ಬರುವಷ್ಟು ಶಕ್ತಿ ಇನ್ನೂ ಇಲ್ಲ. ನೀನು ಬಾ ಎಂದು ಕರೆಯಬೇಕೆಂದಿದ್ದೆ, ಆದರೆ ಹನ್ನೆರಡು ತಾಸಿನ ರೈಲು ಪ್ರಯಾಣ. ಮನಸ್ಸಾದಾಗ ಬಾ.

ಸೊನ್ನೆಗೆ ಔಟಾದ,
ಪೀಪಿ

*

ಏಪ್ರಿಲ್ 27

ಪೀಪಿ,

ನಿನ್ನ ಕಾಗದವನ್ನು ಒಂಬತ್ತು ಮಹಡಿಯ ಕಟ್ಟಡದ ಲಿಫ್ಟಿನಲ್ಲಿ ನಿಂತು ಓದಿದೆ. ಒಳಗೆ ಐದಾರು ಜನ ಅಪರಿಚಿತರಿದ್ದರು. ತಡೆಯಲಾಗಲಿಲ್ಲ, "ನನ್ನ ತಂಗಿ ಸೊನ್ನೆ ಹೊಡೆದಳು!" ಎಂದುಬಿಟ್ಟೆ. ಆಮೇಲೆ ಎಲ್ಲ ವಿವರಿಸಬೇಕಾಯಿತು. ಮೂರನೇ ಮಹಡಿಗೆ ಇಳಿಯಬೇಕಿದ್ದ ಒಬ್ಬ ಹೆಂಗಸು ಒಂಬತ್ತನೆಯದರವರೆಗೆ ಬಂದು ಪೂರ್ತಿ ಕೇಳಿಕೊಂಡು, ಮತ್ತೆ ಕೆಳಗಿಳಿದಳು.

ಅವರೆಲ್ಲ ಹೋದ ಮೇಲೆ ಮೇಲಿನ ಮೋಟಾರು ಕೋಣೆಗೆ ಹೋಗಿ ಒಬ್ಬನೇ ಸ್ವಲ್ಪ ಹೊತ್ತು ಕೂತಿದ್ದೆ.

ಅಮ್ಮನ ವಿಷಯ ನೀನು ಬರೆದಿದ್ದೆಯಲ್ಲ, ಅದಕ್ಕೆ ನಾನೂ ಒಂದು ಮಾತು ಬರೆಯಬೇಕೆಂದು ಹೊರಟೆ. ಇನ್ನೊಮ್ಮೆ ಬರೆಯುತ್ತೇನೆ.

ಅಣ್ಣ

*

ಜುಲೈ 9

ಅಣ್ಣಾ,

ಕೂತುಕೊಂಡು ಓದು.

ನೂರ ಎಂಬತ್ತಾರು. ಸೊನ್ನೆ. ಇತರೆ ಹದಿನಾಲ್ಕು.

ನನ್ನ ಪುಸ್ತಕದಲ್ಲಿ ಇತರೆ ಕಾಲಂ ಮೇಲಿನಿಂದ ಕೆಳಗೆ ಹೀಗಿದೆ: ಮೂರು, ಐದು, ಹದಿನಾಲ್ಕು. ಇಷ್ಟು ವರ್ಷ ಸ್ಕೋರು ಬರೆದವಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಹೀಗೆ ಏರುವುದು ಬಣ್ಣದ ತಪ್ಪಲ್ಲ. ಅಲ್ಲಿ ಯಾರೋ ಆಡುತ್ತಿದ್ದಾರೆ.

ಒಂಟಿ ಕೆಂಪು ಚುಕ್ಕಿ ಎಂದರೆ ಒಂದು ಎಕ್ಸ್ ಇದೆ, ಜೊತೆಯದು ಇಲ್ಲ ಎಂದರ್ಥ. ನನ್ನ ಕಾಯಿಲೆಯ ಮುಖ ನೆನಪಿದೆಯಾ? ಒಂದು ಎಕ್ಸ್ ನಾಪತ್ತೆ. ಹಾಗಾದರೆ ಇವು ಅವೇ ಇರಬಹುದು. ಡಾಕ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು, ಅಷ್ಟೇ. ಎಂಟು-ಇಪ್ಪತ್ತೊಂದರ ಅದಲುಬದಲನ್ನು ತೋರಿಸುವ ಇನ್ನೊಂದು ಬಣ್ಣವಿದೆ. ಅದು ಲ್ಯಾಬಿನಲ್ಲಿ ಮುಗಿದಿದೆ, ಬರಲು ಮೂರು ವಾರ. ಈ ಸಲ ಚಿತ್ರ ತೆಗೆದು ಜೋಡಿ ಮಾಡೋಣವೆಂದರೆ ಜೀವಕೋಶಗಳು ಲ್ಯಾಬಿನ ಗಾಜಿನ ಸೀಸೆಯಲ್ಲಿ ಬೆಳೆಯಲೇ ಇಲ್ಲ.

ಆದರೆ ಈಗ ಕೇಳು! ನಾನು ಮುಖ ಸಣ್ಣದು ಮಾಡಿಕೊಂಡು ಮೆಟ್ಟಿಲಿಳಿಯುತ್ತಿದ್ದೆ. ಜೋಡಿ ಮೇಡಂ ಮೇಲಿನಿಂದ ಒಂದೇ ಉಸಿರಿಗೆ ಓಡಿ ಬಂದಳು, ಕಾಲಿನ ಒಂದು ಚಪ್ಪಲಿ ಅಲ್ಲೇ ಬಿತ್ತು. "ನಿಮ್ಮಣ್ಣನ ವಯಸ್ಸೆಷ್ಟು?" ಅಂದಳು. ಅರವತ್ನಾಲ್ಕು ಅಂದೆ. "ಸಿಗರೇಟು?" ಅಂದಳು. ಬಿಟ್ಟಿದ್ದಾನಂತೆ ಅಂದೆ. "ಅಂತೆ ಬೇಡ, ನಂಗೆ ಅವ್ರ ರಕ್ತ ಬೇಕು" ಅಂದಳು.

ಅವಳ ವಾದ ಇದು. ಗಂಡಸರಿಗೆ ವಯಸ್ಸಾಗುತ್ತ ಕೆಲವು ರಕ್ತಕಣಗಳು ತಮ್ಮ ವೈಯನ್ನು ಕಳೆದುಕೊಳ್ಳುತ್ತವಂತೆ. ಸುಮ್ಮನೆ, ವಯಸ್ಸಾದವರು ಕೊಡೆ ಮರೆತು ಬರುತ್ತಾರಲ್ಲ ಹಾಗೆ. ಹಸಿರು ಹೋದರೆ ಉಳಿಯುವುದು ಒಂಟಿ ಕೆಂಪು! ಆಗ ಈ ಹದಿನಾಲ್ಕೂ ನನ್ನ ಕಾಯಿಲೆಯಲ್ಲ, ನಿನ್ನ ಮುಪ್ಪು. ನಿನ್ನ ಸ್ವಂತ ರಕ್ತದಲ್ಲೂ ಅಂಥವು ಕಂಡರೆ ಬಲವಾದ ಸಾಕ್ಷಿ ಸಿಕ್ಕಿತು, ಮೇಲೆ ಆ ಇನ್ನೊಂದು ಬಣ್ಣ ಬಂದರೆ ಮುದ್ರೆ ಒತ್ತಿದ ಹಾಗೆ. ಭಯವಾಗುತ್ತಿದೆ, ನಿಜ. ಆದರೆ ಎಷ್ಟೋ ದಿನದ ಮೇಲೆ ಒಂದು ಮ್ಯಾಚು ಕೊನೆಯ ಓವರಿನವರೆಗೆ ಬಂದು ನಿಂತ ಹಾಗೆ ಉತ್ಸಾಹವೂ ಇದೆ. ಎರಡನ್ನೂ ಒಟ್ಟಿಗೆ ಹೇಗೆ ಹೊತ್ತುಕೊಂಡಿದ್ದೇನೋ ನನಗೇ ಗೊತ್ತಿಲ್ಲ.

ಇದರ ಜೊತೆ ಹಸಿರು ಮುಚ್ಚಳದ ಒಂದು ಟ್ಯೂಬು ಕಳುಹಿಸಿದ್ದೇನೆ. ನಿಮ್ಮ ಬೀದಿಯ ಕ್ಲಿನಿಕ್ಕಿನಲ್ಲಿ ರಕ್ತ ತುಂಬಿಸಿ ಅವತ್ತೇ ಕೊರಿಯರಿಗೆ ಹಾಕು. ಫ್ರಿಜ್ಜಿನಲ್ಲಿ ಇಡಬೇಡ. ಐದು ನಿಮಿಷದ ಕೆಲಸ.

ಕಾಯುತ್ತಿರುವ,
ಪೀಪಿ

*

ಜುಲೈ 21

ಪೀಪಿ,

ಟ್ಯೂಬು ಸಿಕ್ಕಿತು. ಕ್ಲಿನಿಕ್ಕಿನ ನರ್ಸು ರಜೆಯಲ್ಲಿದ್ದಾಳೆ. ಬಂದ ಮೇಲೆ ಮಾಡಿಸುತ್ತೇನೆ. ಇಲ್ಲಿ ಒಂದು ಲಿಫ್ಟಿಗೆ ಹಗ್ಗ ಬದಲಿಸುವ ಕೆಲಸ ಹತ್ತಿದೆ, ಬಿಟ್ಟು ಬರುವ ಹಾಗಿಲ್ಲ. ನೀನು ಔಷಧಿ ಹೊತ್ತು ಹೊತ್ತಿಗೆ ತೆಗೆದುಕೋ.

ಅಣ್ಣ

*

ಜುಲೈ 26

ಅಣ್ಣ ಎನಿಸಿಕೊಂಡವನಿಗೆ,

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಡೀ ಊರಿಗೆ ಒಬ್ಬಳೇ ನರ್ಸೇ? ಜನವರಿಯಲ್ಲಿ ನಾಲ್ಕು ಗಂಟೆ ಎರಡೂ ಕೈ ಕೊಟ್ಟು ಮಲಗಿದವನಿಗೆ ಈಗ ಒಂದು ಚಮಚ ರಕ್ತ ಭಾರವಾಯಿತೇ?

ಪ್ರತಿದಿನ ಬೆಳಿಗ್ಗೆ ಜೋಡಿ ಮೇಡಂಗೆ ಫೋನು ಮಾಡಿ "ಬಂತಾ?" ಅನ್ನುತ್ತೇನೆ. "ಇಲ್ಲ" ಅನ್ನುತ್ತಾಳೆ. ಹದಿನೇಳು ದಿನವಾಯಿತು. ಕೊರಳಿನ ಪಕ್ಕ ಗಂಟೇನಾದರೂ ಎದ್ದಿದೆಯಾ ಎಂದು ದಿನಕ್ಕೆ ನಲವತ್ತು ಸಲ ಮುಟ್ಟಿ ನೋಡಿಕೊಳ್ಳುತ್ತೇನೆ. ನನಗೆ ಭಯವಾಗಿದೆ, ಅಣ್ಣ. ನಿನಗೆ ಅದು ಗೊತ್ತಾಗಬೇಕು ಎಂದು ಬಿಡಿಸಿ ಬರೆದಿದ್ದೇನೆ.

ಪೀಪಿ

*

ಜುಲೈ 30

ಪ್ರೀತಿಯ ಪೀಪಿಗೆ ಅತ್ತಿಗೆಯ ಆಶೀರ್ವಾದ.

ನಿನ್ನ ಕಾಗದ ನಾನೇ ಒಡೆದು ಓದಿದೆ, ಬೈಯಬೇಡ. ನರ್ಸು ಎಲ್ಲೂ ಹೋಗಿಲ್ಲ, ನಿನ್ನೆ ನನ್ನ ಜೊತೆಯೇ ತರಕಾರಿ ಕೊಂಡಳು. ನಿಮ್ಮಣ್ಣನ ಟೂಲ್ ಬ್ಯಾಗು ತೆಗೆದು ನೋಡಿದೆ. ಸ್ಪ್ಯಾನರುಗಳ ನಡುವೆ ನನ್ನ ಹೊಸ ಮುಖದ ಟವೆಲ್ಲಿನಲ್ಲಿ ಸುತ್ತಿಟ್ಟ ನಿನ್ನ ಟ್ಯೂಬು, ಅದರ ಕೆಳಗೆ ಅರ್ಧ ಖಾಲಿಯಾದ ಸಿಗರೇಟು ಪ್ಯಾಕು. ಎರಡನ್ನೂ ಊಟದ ಮೇಜಿನ ಮೇಲೆ ಇಟ್ಟು ಅವರನ್ನು ಕರೆದೆ.

ದಿನಾ ಬೆಳಿಗ್ಗೆ ಕ್ಲಿನಿಕ್ಕಿನ ಬಾಗಿಲಿನವರೆಗೆ ಹೋಗಿ ವಾಪಸು ಬರುತ್ತಿದ್ದರಂತೆ. ನರ್ಸೇ ಹೇಳಿದಳು: "ಬರ್ತಾರೆ, ಬೋರ್ಡು ಓದ್ತಾರೆ, ಹೋಗ್ತಾರೆ." ಏಕೆ ಎಂದು ಕೇಳಿದರೆ ಟವೆಲ್ಲು ಮಡಿಸತೊಡಗಿದರು. ನಾನೂ ಒತ್ತಾಯ ಮಾಡಲಿಲ್ಲ. ಟ್ಯೂಬನ್ನು ನಂಬಿ ಪ್ರಯೋಜನವಿಲ್ಲ, ನಾಳೆ ಸಂಜೆಯ ರೈಲಿಗೆ ಮನುಷ್ಯನನ್ನೇ ಹತ್ತಿಸುತ್ತೇನೆ. ರಕ್ತ ಅವರೊಳಗೇ ಇರುತ್ತದೆ, ಕೆಡುವುದಿಲ್ಲ. ಬೇಕಾದಷ್ಟು ತೆಗೆದುಕೊಳ್ಳಿ.

ನಿನ್ನ ಅತ್ತಿಗೆ

*

ಆಗಸ್ಟ್ 8

ಲಿಫ್ಟು ಅಣ್ಣನವರಿಗೆ ನಮಸ್ಕಾರ.

ನಿಮ್ಮ ತಂಗಿ ನಿಮ್ಮನ್ನು ಹೀಗೇ ಕರೆಯುವುದರಿಂದ ನನಗೂ ರೂಢಿಯಾಗಿದೆ. ನಾನು ಲ್ಯಾಬಿನವಳು, ಒಂದನೇ ತಾರೀಕು ನಿಮ್ಮ ರಕ್ತ ತೆಗೆದುಕೊಂಡವಳು. ಡಾಕ್ಟರು ಬೆಳಿಗ್ಗೆ ನಿಮ್ಮ ತಂಗಿಗೆ ವರದಿ ಕೊಟ್ಟಾಯಿತು. ಈ ಕಾಗದ ಅವರೇ ಬರೆಸುತ್ತಿದ್ದಾರೆ. ಪಕ್ಕದಲ್ಲೇ ಕೂತಿದ್ದಾರೆ. ಆಗಾಗ ಸೀಟಿ ಊದುತ್ತಾರೆ, ಅದಕ್ಕೇ ಅಕ್ಷರ ನಡುಗಿದೆ.

ನಿಮ್ಮ ಇನ್ನೂರು ಜೀವಕೋಶ ಎಣಿಸಿದೆ. ಕೆಂಪು-ಹಸಿರು ನೂರ ಎಂಬತ್ತೆಂಟು. ಒಂಟಿ ಕೆಂಪು ಹನ್ನೆರಡು!

ಹನ್ನೆರಡು ಎಂದರೆ ಎಷ್ಟು ಚಂದದ ಸಂಖ್ಯೆ ಎಂದು ನಿಮಗೆ ಹೇಗೆ ಹೇಳಲಿ? ಆರನೆಯದು ಕಂಡಾಗಲೇ ಕತ್ತಲೆ ಕೋಣೆಯಲ್ಲಿ ಒಬ್ಬಳೇ "ಬಂತು, ಬಂತು!" ಎಂದು ಕೂಗಿದ್ದೆ. ಆದರೂ ಬಾಯಿ ಮುಚ್ಚಿಕೊಂಡೆ, ಏಕೆಂದರೆ ಅರ್ಧ ಸಾಕ್ಷಿಯ ಮೇಲೆ ಯಾರಿಗೂ ಆಸೆ ಹುಟ್ಟಿಸಬಾರದು. ನಿನ್ನೆ ಆ ಇನ್ನೊಂದು ಬಣ್ಣವೂ ಬಂತು. ನಿಮ್ಮ ತಂಗಿಯ ಮುನ್ನೂರು ಜೀವಕೋಶ ನೋಡಿದೆ, ಒಂಟಿ ಚುಕ್ಕಿಯವನ್ನು ಹುಡುಕಿ ಹುಡುಕಿ ನೋಡಿದೆ. ಎಂಟು ಎಂಟರ ಜಾಗದಲ್ಲಿದೆ, ಇಪ್ಪತ್ತೊಂದು ಇಪ್ಪತ್ತೊಂದರ ಜಾಗದಲ್ಲಿದೆ. ಅದಲುಬದಲು ಒಂದರಲ್ಲೂ ಇಲ್ಲ. ಆ ಹದಿನಾಲ್ಕೂ ನಿಮ್ಮವೇ. ಕಾಯಿಲೆ ಬಂದಿಲ್ಲ.

ನಿಮಗೆ ಗಾಬರಿ ಬೇಡ. ಈ ವಯಸ್ಸಿನ ಬಹಳ ಗಂಡಸರಲ್ಲಿ ಹೀಗೆ ಕಾಣುತ್ತದೆ. ಮೀಸೆ ಬೀಳುವುದಿಲ್ಲ. ಆದರೆ ಸಿಗರೇಟು ಸೇದುವವರಲ್ಲಿ ಹೆಚ್ಚು, ಹಾಗಾಗಿ ಫಾರಂನಲ್ಲಿ ಬರೆಸಿದ್ದು ನಿಜವೇ ಎಂದು ಒಂದು ಸಲ ಯೋಚಿಸಿ. (ಇಲ್ಲಿ ನಿಮ್ಮ ತಂಗಿ ಜೋರಾಗಿ ನಕ್ಕರು.)

ಅವತ್ತು "ಇಲ್ಲಿಂದ ನೇರ ತಂಗಿ ಮನೇಗೆ ಹೋಗ್ತೀನಿ" ಎಂದು ಹೇಳಿ ಹೋದಿರಿ. ಹೋಗಲಿಲ್ಲವಂತೆ?

ನಿಮ್ಮ ಚುಕ್ಕಿ ಎಣಿಸಿದವಳು,
ಜೋಡಿ ಮೇಡಂ

*

ಆಗಸ್ಟ್ 14

ಪೀಪಿ,

ಹಾಲು ಕುಡಿದಷ್ಟು ಸಂತೋಷವಾಯಿತು ಎನ್ನುತ್ತಾರಲ್ಲ, ನನಗೆ ಹಾಗಾಗಲಿಲ್ಲ. ಕಾಗದ ಹಿಡಿದು ಬಾಗಿಲ ಮೆಟ್ಟಿಲ ಮೇಲೆ ಕೂತುಬಿಟ್ಟೆ. ನಿನ್ನ ಅತ್ತಿಗೆ ಕೆಟ್ಟ ಸುದ್ದಿ ಎಂದು ಹೆದರಿ, ಕಾಗದ ಕಿತ್ತುಕೊಂಡು ಓದಿ, ನನ್ನ ತಲೆಗೊಂದು ಮೊಟಕಿ, ಆಮೇಲೆ ತಾನೂ ಪಕ್ಕದಲ್ಲಿ ಕೂತು ಅತ್ತಳು. ನಲವತ್ತು ವರ್ಷದಲ್ಲಿ ಇಷ್ಟು ಸಂತೋಷವಾಗಿ ನಾವಿಬ್ಬರೂ ಅತ್ತಿರಲಿಲ್ಲ.

ಸಿಗರೇಟು ಬಿಟ್ಟೆ ಎಂದದ್ದು ಸುಳ್ಳು. ಮೋಟಾರು ಕೋಣೆಯಲ್ಲಿ ದಿನಕ್ಕೆ ಎರಡು. ಈಗ ಬಿಟ್ಟು ಹದಿನೈದು ದಿನ.

ಟ್ಯೂಬು ಏಕೆ ಕಳುಹಿಸಲಿಲ್ಲ ಎಂದು ನೀನು ಇನ್ನೂ ಕೇಳಿಲ್ಲ. ನಾನೇ ಹೇಳುತ್ತೇನೆ. ನನ್ನ ರಕ್ತದಲ್ಲಿ ಒಂಟಿ ಚುಕ್ಕಿ ಇಲ್ಲ ಎಂದು ಬಂದಿದ್ದರೆ ಆ ಹದಿನಾಲ್ಕೂ ನಿನ್ನ ಕಾಯಿಲೆಯೇ ಆಗುತ್ತಿತ್ತು. ನಾನು ರಕ್ತ ಕೊಡದಿರುವವರೆಗೆ ಅವು ನನ್ನವೇ ಇರಬಹುದಿತ್ತು. ದಿನಾ ಕ್ಲಿನಿಕ್ಕಿನವರೆಗೆ ಹೋಗುತ್ತಿದ್ದೆ. ಒಳಗೆ ಹೋಗಲು ಕಾಲು ಬರುತ್ತಿರಲಿಲ್ಲ. ಅದು ನಿನಗೆ ಹದಿನೇಳು ದಿನದ ನರಕ ಎಂದು ಹೊಳೆಯಲೇ ಇಲ್ಲ. ಹೇಡಿಗಳಿಗೆ ತಮ್ಮ ಭಯ ಬಿಟ್ಟು ಬೇರೇನೂ ಕಾಣುವುದಿಲ್ಲ.

ಅಮ್ಮನ ದಿನವೂ ಹೀಗೇ ಆಯಿತು. ಆಗ ನಾವು ಒಂದೇ ಊರಿನಲ್ಲಿದ್ದೆವಲ್ಲ. ಮಧ್ಯಾಹ್ನ ನೀನು ಹೇಳಿಕಳಿಸಿದಾಗ ಲಿಫ್ಟಿನಲ್ಲಿ ಜನ ಸಿಕ್ಕಿಕೊಂಡಿದ್ದು ನಿಜ. ಎರಡು ಗಂಟೆಗೇ ಅವರನ್ನು ಇಳಿಸಿಯಾಗಿತ್ತು. ಓಡಿ ಬಂದೆ. ಮನೆಯ ಗೇಟಿನವರೆಗೆ ಬಂದೆ. ನಾನು ಒಳಗೆ ಹೋಗಿ ನೋಡಿದರೆ ಅಮ್ಮ ಹೋಗುವುದು ನಿಜವಾಗಿಬಿಡುತ್ತದೆ ಅನ್ನಿಸಿತು. ಅಲ್ಲೇ ಗೋಡೆಯ ಮರೆಗೆ ನಿಂತೆ. ನಾಲ್ಕು ಗಂಟೆಗೆ ನಿನ್ನ ಕೂಗು ಈ ಕೆಟ್ಟ ಕಿವಿಗೂ ಕೇಳಿಸಿತು. ಆಮೇಲೆ ಒಳಗೆ ಬಂದು, ಲಿಫ್ಟು ಈಗ ತಾನೇ ಸರಿಹೋಯಿತು ಎಂದೆ. ನೀನು ಅವತ್ತು ಬೈದದ್ದು ಕಡಿಮೆಯಾಯಿತು.

ಹನ್ನೊಂದು ವರ್ಷ ಇದನ್ನು ಹೊತ್ತಿದ್ದೇನೆ. ಇನ್ನು ನೀನು ಮಾತು ಬಿಟ್ಟರೂ ಸರಿ. ನನ್ನ ಇನ್ನೂರು ನಿನ್ನೊಳಗಿವೆ, ಅಷ್ಟು ಸಾಕು.

ಒಂದನೇ ತಾರೀಕು ನಿನ್ನ ಮನೆಗೆ ಬರಬೇಕೆಂದಿದ್ದೆ. ರೈಲಿಗೆ ಹೊತ್ತಾಗಿತ್ತು.

ಅಣ್ಣ

*

ಆಗಸ್ಟ್ 21

ಅಣ್ಣಾ,

ಸ್ಕೋರು ಪುಸ್ತಕ ತಿದ್ದಿದೆ. ತಿದ್ದುವುದು ಸ್ಕೋರರ ಧರ್ಮವಲ್ಲ, ಆದರೂ ಅಂಪೈರು ಜೋಡಿ ಮೇಡಂ ಸಹಿ ಹಾಕಿದ್ದಾಳೆ. ಮೂರು, ಐದು, ಹದಿನಾಲ್ಕು ಮೂರನ್ನೂ ಇತರೆಯಿಂದ ತೆಗೆದು ನಿನ್ನ ಹೆಸರಿಗೆ ಹಾಕಿದೆ. ಕೊನೆಯ ಎಣಿಕೆ ಈಗ ಅಣ್ಣ ಇನ್ನೂರಕ್ಕೆ ಇನ್ನೂರು, ತಂಗಿ ಸೊನ್ನೆ. ನೀನು ಗೆದ್ದೆ, ಮತ್ತು ನಾನು ಒಪ್ಪಿದ್ದೇನೆ. ಹುಟ್ಟಿದಂದಿನಿಂದ ಇದೇ ಮೊದಲು, ಬರೆದಿಟ್ಟುಕೋ!

ಈಗ ಇನ್ನೊಂದು ಲೆಕ್ಕ. ಅಮ್ಮ ಹೋದ ಮರುದಿನ ಬೆಳಿಗ್ಗೆ ಅಂಗಳ ಗುಡಿಸಿದವಳು ನಾನು. ಗೇಟಿನ ಪಕ್ಕ, ಗೋಡೆಯ ಮರೆಯಲ್ಲಿ ಸಿಗರೇಟಿನ ತುಂಡುಗಳು ಬಿದ್ದಿದ್ದವು, ನೀನು ಸೇದುವ ಅದೇ ಚಿನ್ನದ ಪಟ್ಟಿಯವು. ಎಣಿಸಿದೆ. ಏಳು. ಎರಡು ತಾಸಿನಲ್ಲಿ ಏಳು ಸಿಗರೇಟು. ಹನ್ನೆರಡು ವರ್ಷದ ಹಿಂದೆ ಬಿಟ್ಟವನು ಹನ್ನೊಂದು ವರ್ಷದ ಹಿಂದೆ ಏಳು ಸೇದಿದ್ದಾನೆ! ಆ ಫಾರಂ ಓದಿ ಎಷ್ಟು ನಕ್ಕೆ ಗೊತ್ತೇನು?

ಆದ್ದರಿಂದ ನಿನ್ನ ಗುಟ್ಟು ನನಗೆ ಹೊಸದಲ್ಲ, ಅಣ್ಣ. ನೀನು ಹತ್ತಿರವೇ ಇದ್ದೆ ಎಂದು ಮರುದಿನವೇ ಗೊತ್ತಾಗಿತ್ತು. ನೀನೇ ಹೇಳಲಿ ಎಂದು ಕಾದೆ. ಕಾಯುತ್ತ ಕಾಯುತ್ತ ಕೋಪ ಗಟ್ಟಿಯಾಯಿತು. ಏಕೆಂದರೆ ನನ್ನ ಹತ್ತಿರವೂ ಒಂದು ಗುಟ್ಟಿತ್ತು.

ಮೂರು ಗಂಟೆಯ ಸುಮಾರಿಗೆ ಅಮ್ಮ ಕಣ್ಣು ಬಿಟ್ಟು, "ಗೇಟ್ ಹತ್ರ ಕೆಮ್ಮಿದ ಹಾಗಾಯ್ತು, ಅವ್ನೇ ಇರ್ಬೇಕು, ನೋಡೇ" ಅಂದಳು. ನಾನು "ಇಲ್ಲಮ್ಮ, ಅವ್ನು ಲಿಫ್ಟಿನ ಕೆಲಸದಲ್ಲಿ ಸಿಕ್ಕಿಕೊಂಡಿದ್ದಾನಂತೆ" ಅಂದೆ. ಎದ್ದು ಹೋಗಿ ನೋಡಲಿಲ್ಲ. ಅಮ್ಮ ನನ್ನ ಮಾತು ನಂಬಲಿಲ್ಲ. "ಬಂದಿದ್ದಾನೆ ಬಿಡು" ಅಂದು ನಕ್ಕು, ಆ ಕಡೆ ಮುಖ ಮಾಡಿಕೊಂಡೇ ಮಲಗಿದಳು. ಆ ಏಳು ತುಂಡು ಸಿಕ್ಕಿದಾಗ ನಾನು ಸಿಟ್ಟಾದದ್ದು ಯಾರ ಮೇಲೆ ಎಂದು ಈಗ ನಿನಗೆ ಗೊತ್ತಾಗಿರಬೇಕು. ನಿನ್ನ ಮೇಲೆ ಹಾಕಿದೆ, ಅಷ್ಟೇ. ತಪ್ಪಾಯಿತು, ಅಣ್ಣ.

ನೀನು ಬಂದದ್ದು ಅಮ್ಮನಿಗೆ ಗೊತ್ತಿತ್ತು. ಇದನ್ನು ಹನ್ನೊಂದು ವರ್ಷ ಮೊದಲೇ ಹೇಳಬೇಕಿತ್ತು.

ಇನ್ನು ನಿನ್ನ ಕೊನೆಯ ಸಾಲಿನ ಸುಳ್ಳು. ಒಂದನೇ ತಾರೀಕು ಮಧ್ಯಾಹ್ನ ನಾನು ಮಲಗಿದ್ದೆ. ಲಿಫ್ಟು ಮೂರನೇ ಮಹಡಿಗೆ ಬಂತು, ಟಿಣ್ ಅಂದಿತು, ಬಾಗಿಲು ತೆರೆಯಿತು. ಯಾರೂ ಇಳಿಯಲಿಲ್ಲ. ಮುಚ್ಚಿಕೊಂಡು ಕೆಳಗೆ ಹೋಯಿತು. ಮತ್ತೆ ಬಂತು, ಟಿಣ್. ಮೂರು ಸಲ. ರಿಪೇರಿಯವನು ಕೆಡಿಸಿ ಹೋಗಿದ್ದಾನೆ ಎಂದು ಬೈದುಕೊಂಡೆ. ಆಮೇಲೆ ಬಾಗಿಲು ತೆರೆದು ನೋಡಿದರೆ ಸಿಗರೇಟಿನ ವಾಸನೆ ಇರಲಿಲ್ಲ, ಮೆಷಿನ್ ಎಣ್ಣೆಯ ವಾಸನೆ ಇತ್ತು. ಆ ಸಲ ಎದ್ದು ನೋಡಿದೆ, ಅಣ್ಣ. ಸ್ವಲ್ಪ ತಡವಾಯಿತು.

ವರ್ಷದ ಎಣಿಕೆ ಜನವರಿ ನಾಲ್ಕಕ್ಕೆ. ಅತ್ತಿಗೆಯನ್ನೂ ಕರೆದುಕೊಂಡು ಹಿಂದಿನ ದಿನವೇ ಬಾ. ಲಿಫ್ಟು ಟಿಣ್ ಅಂದಾಗ ನಾನು ಬಾಗಿಲಲ್ಲೇ ನಿಂತಿರುತ್ತೇನೆ. ಈ ಸಲ ಇಳಿ.

ನಿನ್ನದೇ ರಕ್ತ,
ಪೀಪಿ